ಕೊಳದ ದಡದಲ್ಲಿ ಸಿಕ್ಕ ಹಿರಿಯರಿಗೆ ವಂದನೆ

ಅಮೆರಿಕದ ಕೇಪ್ ಕಾಡ್‌ನಲ್ಲಿ, ಹಿಮಯುಗದ ಕೊನೆಗೆ ನೆಲದಲ್ಲಿ ಹುದುಗಿದ್ದ ಮಂಜುಗಡ್ಡೆ ಕರಗಿ ಉಂಟಾದ ಕೊಳವೊಂದರಲ್ಲಿ, ಹೆಸರನ್ನೂ ಹೇಳದೆ ನನಗಾಗಿ ಇಡೀ ಮುಂಜಾನೆಯನ್ನು ಮೀಸಲಿಟ್ಟ ಹಿರಿಯರಿಗೆ ಹೃತ್ಪೂರ್ವಕ ವಂದನೆಗಳು. ಕ್ಯಾನೂ ದೋಣಿಯಲ್ಲಿ ಮಂಡಿಯೂರಿ ಕುಳಿತು, ಹುಟ್ಟನ್ನು ನೀರಿನಿಂದ ಮೇಲೆತ್ತದೆ ತಿರುಗಿಸುತ್ತ ಸದ್ದಿಲ್ಲದೆ ಸಾಗುವುದನ್ನು ತಾವು ಕಲಿಸಿದಿರಿ. ಮೀನು ಹಿಡಿಯಲು, ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಹುಳುವನ್ನು ನೈದಿಲೆ ಎಲೆಗಳ ಅಂಚಿಗೆ ಎಸೆದು, ಅದು ತಾನಾಗಿ ತಳ ಮುಟ್ಟುವವರೆಗೂ ಕಾಯಬೇಕೆಂದಿರಿ. ಸಡಿಲವಾಗಿದ್ದ ಗಾಳದ ದಾರ ಮೆಲ್ಲನೆ ಪಕ್ಕಕ್ಕೆ ಸರಿದು, ಮೀನು ಕಚ್ಚಿದೆ ಎಂದು ತಿಳಿದಾಗ ಆದ ಪುಳಕವನ್ನು ಬಣ್ಣಿಸಲಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಮೊಟ್ಟೆಯಿಡುವ ವಸಂತಕಾಲವಾದ್ದರಿಂದ, ಗೂಡು ಕಾಯುವುದು ಗಂಡು ಬಾಸ್ ಮೀನೇ ಎಂದೂ, ಅದನ್ನು ಹಿಡಿದಿಟ್ಟುಕೊಂಡರೆ ಮೊಟ್ಟೆಗಳು ಬೇರೆ ಮೀನುಗಳ ಪಾಲಾಗುತ್ತವೆಂದೂ ತಿಳಿಹೇಳಿ, ಒದ್ದೆ ಕೈಯಿಂದ ಕೆಳದವಡೆ ಹಿಡಿದು ಗಾಳ ಬಿಡಿಸಿ ಕೂಡಲೇ ನೀರಿಗೆ ಬಿಡುವುದನ್ನು ತೋರಿಸಿಕೊಟ್ಟಿರಿ. ಆ ಔದಾರ್ಯಕ್ಕೆ ನಾನು ಸದಾ ಋಣಿ.