ಗಿಫ್ಟ್ ಕೊಡೂದಾದ್ರ ನಿಮ್ಮ ಹೊಲದ ಚಿತ್ರಾನ ಬರಸ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾ ಗದಗದಾಗ ಪೇಂಟಿಂಗ್ ಮಾಡಾಂವ. ನಮ್ಮ ಕಡೆ ವಾಸ್ತುಶಾಂತಿ, ರಿಟೈರ್ಮೆಂಟ್ ಅಂದ್ರ ಎಲ್ಲೀದೋ ಹಿಮದ ಗುಡ್ಡದ ಪ್ರಿಂಟ್‌ಗೆ ಫ್ರೇಮ್ ಹಾಕ್ಸಿ ಕೊಟ್ಟಬಿಡ್ತಾರ. ಧಾರವಾಡದಾಗ ಹಾಲಭಾವಿಯವರು, ಹುಬ್ಬಳ್ಳ್ಯಾಗ ಮಿಣಜಗಿಯವರು, ಗದಗದಾಗ ಟಿ.ಪಿ. ಅಕ್ಕಿಯವರು ಚಿತ್ರಕಲಾ ಶಾಲಿ ಕಟ್ಟಿದ ಸೀಮ್ಯಾಗ ಹಿಂಗ ಆಗೋದು ನೋಡಿ ಭಾಳ ಸಂಕಟ ಆಗ್ತೈತಿ, ಅದಕ್ಕ ಈ ಪತ್ರ.

ಹ್ವಾದ ಜನವರ್ಯಾಗ ಪುಣೆದಾಗ ನೌಕರಿ ಮಾಡೋ ಹೆಣಮಗಳೊಬ್ಬಾಕಿ ಬಂದಿದ್ಲು. ಅವರ ಅಪ್ಪಾರು ಕಪ್ಪತಗುಡ್ಡದ ಬುಡಕ್ಕಿದ್ದ 4 ಎಕರೆ ಹೊಲ ಮಾರಿ ಮಗಳ ಮನಿಗೆ ಹೋಗೋರಿದ್ರು, ಆ ಹೊಲದ ಚಿತ್ರ ಬರಸಿ ಅವರಿಗೆ ಕೊಡಬೇಕು, 15 ದಿನದಾಗ ಬೇಕು ಅಂತ ಮೊಬೈಲ್‌ನಾಗಿನ ಒಂದು ಫೋಟೋ ತೋರಿಸಿದ್ಲು. ಫೋಟೋದಾಗ ಗುಡ್ಡ ಅನ್ನೋದು ಸಣ್ಣ ದಿಬ್ಬ ಆಗಿತ್ತು, ಎರಿ ಮಣ್ಣು ಬರೇ ಕರಿ. ತಂಗಿ, 2 ತಿಂಗಳ ಟೈಮ್ ಕೊಡು, ಮೊದಲ ಹೊಲಾ ತೋರಿಸು ಅಂದೆ.

ಹೋದ್ವಿ. ಹಿಂಗಾರಿ ಜೋಳ ತೆನಿ ಹಿಡಿದಿತ್ತು. ಎರಿ ಮಣ್ಣು ಸಂಜಿ ಬಿಸಲಾಗ ಕರ್ರಗ ಕಾಣಂಗಿಲ್ರಿ, ಬಿರುಕಿನೊಳಗ ನೀಲಿ, ಹೆಂಟಿ ಮ್ಯಾಲೆ ಕಂದು, ಟ್ಯೂಬಿನ ಬ್ಲ್ಯಾಕ್ ಹಚ್ಚಿದ್ರ ಮಣ್ಣು ಸತ್ತಂಗ ಆಗ್ತೈತಿ, ನಾ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಪಗಂದು ಬಣ್ಣ ಕೂಡಿಸಿ ಆ ಬಣ್ಣ ತರ್ತೀನಿ. ಗುಡ್ಡದ ಮ್ಯಾಲಿನ ಗಾಳಿಯಿಂದ ಕರೆಂಟ್ ತಯಾರಸೋ ದೊಡ್ಡ ಫ್ಯಾನು ಬ್ಯಾಡ, ಅಪ್ಪ ರಂಟಿ ಹೊಡಿಯೋ ಕಾಲಕ್ಕ ಅವು ಇರಲಿಲ್ಲ ಅಂದ್ಲು, ಖರೇ ಅನಿಸ್ತು, ಬಿಟ್ಟೆ. ಬದುವಿನ ಮ್ಯಾಲಿನ ಬನ್ನಿ ಗಿಡದ್ದೊಂದು ಟೊಂಗಿ ಮುರದಿತ್ತು, ಅದೂ ಬ್ಯಾಡ ಅಂದ್ಲು. ಅದನ್ನ ಮಾತ್ರ ನಾ ಬಿಡಲಿಲ್ಲ.

ಇನ್ನೊಂದು ಮಾತು, ಆಯಿಲ್ ಪೇಂಟ್ ಮ್ಯಾಲೆ ಒಣಗಿದಂಗ ಕಂಡ್ರೂ ಒಳಗ ಹಸೀನ ಇರ್ತೈತಿ, ದಪ್ಪ ಬಳದಿದ್ರ ವಾರ್ನಿಶ್ ಹಚ್ಚಾಕ 6 ತಿಂಗಳರ ಕಾಯಬೇಕು, ಅವಸರ ಮಾಡಿ ಪ್ಲಾಸ್ಟಿಕ್ ಸುತ್ತಿಸಿಕೊಂಡು ಹೋದ್ರ ಬಣ್ಣ ಅದಕ್ಕ ಅಂಟಿ ಕಿತ್ತು ಬರ್ತೈತಿ. ಟೈಮ್ ಇಲ್ಲಂದ್ರ ಅಕ್ರಿಲಿಕ್ ಇಲ್ಲಾ ವಾಟರ್ ಕಲರ್ ಕೇಳ್ರಿ, ಲಗೂನ ಒಣಗ್ತಾವ.

ಮಾರ್ಚ್‌ನಾಗ ಅಪ್ಪಾರು ಚಿತ್ರದ ಮುಂದ ಭಾಳೊತ್ತು ಮಾತಾಡದ ನಿಂತ್ರು. ಆಮ್ಯಾಲೆ ಆ ಮುರದ ಟೊಂಗಿ ಕಡೆ ಬಟ್ಟು ಮಾಡಿ, "ಇಲ್ಲೆ ಬುತ್ತಿ ಗಂಟು ತೂಗ ಹಾಕತಿದ್ನಿ" ಅಂದ್ರು.

ಸಂಪಾದಕರ, ನಿಮ್ಮ ರವಿವಾರದ ಪುರವಣ್ಯಾಗ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಚಿತ್ರಕಾರರ ಬಗ್ಗೆ, ಅವರಿಗೆ ಆರ್ಡರ್ ಹೆಂಗ ಕೊಡಬೇಕು ಅನ್ನೋದರ ಬಗ್ಗೆ ಒಂದೀಟು ಬರಸ್ರಿ. ಓದೋರು ಫಂಕ್ಷನ್‌ಗೆ ವಾರ ಇದ್ದಾಗ ಅಲ್ಲ, 2 ತಿಂಗಳ ಮೊದಲ ಬರ್ರಿ, ಬರೇ ಫೋಟೋ ಕಳಸಬ್ಯಾಡ್ರಿ, ನಮ್ಮನ್ನ ಆ ಜಾಗಾಕ್ಕ ಕರ್ಕೊಂಡು ಹೋಗ್ರಿ.

ಒಬ್ಬ ಚಿತ್ರಕಾರ, ಗದಗ