ಎಲೆಯ ಫೋಟೊ ನೋಡಿ ಕೀಟದ ಹೆಸರು ಹೇಳಬೇಡಿ

ಸಂಪಾದಕರೇ,

ಕಾಫಿ ಎಲೆ ಕಪ್ಪಾದರೆ ನಮ್ಮ ಮೂಡಿಗೆರೆ ಕಡೆ ಸುಮ್ನೆ ರೋಗ ಅಂದುಬಿಡುತ್ತಾರೆ. ಎಲೆ ಮೇಲಿನ ಆ ಕಪ್ಪು ಬೂಷ್ಟು ಹೆಚ್ಚಾಗಿ ಬೆಳೆಯುವುದು, ಎಲೆಗೆ ಅಂಟಿಕೊಂಡು ರಸ ಹೀರುವ ಶಲ್ಕ ಕೀಟ ಸುರಿಸುವ ಸಿಹಿ ಅಂಟಿನ ಮೇಲೆ. ಆ ಸಿಹಿಗೆ ಬರುವ ಇರುವೆ ಸಾಲು ಹಿಡಿದು ಹೋದರೆ ಕೀಟವೇ ಸಿಗುತ್ತದೆ. ಎಲೆ ತಿರುಗಿಸಿ, ನಡುನರದ ಪಕ್ಕ ಲೆನ್ಸ್ ಹಿಡಿಯಿರಿ. ಚಪ್ಪಟೆ ಹಸಿರು ಮೈ, ಬೆನ್ನೊಳಗೆ ಬಾಗಿದ ಕಪ್ಪು ಗೆರೆ ಕಂಡರೆ ಕಾಕಸ್ ವಿರಿಡಿಸ್ ಅನ್ನುವ ಹಸಿರು ಶಲ್ಕ ಕೀಟ ಇರಬಹುದು. ಇರಬಹುದು, ಅಷ್ಟೇ! ಆಫ್ರಿಕಾದ ಕಾಫಿಯಲ್ಲಿರುವ ಕಾಕಸ್ ಸೆಲಾಟಸ್ ಕೂಡ ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ. ಬಲಿತ ಹೆಣ್ಣನ್ನು ಕ್ಷಾರದಲ್ಲಿ ಕಾಯಿಸಿ, ಬಣ್ಣ ಹಾಕಿ, ಸ್ಲೈಡ್ ಮಾಡಬೇಕು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ರೋಮ, ರಂಧ್ರಗಳನ್ನು ನೋಡಿದರೆ ಮಾತ್ರ ಜಾತಿ ಖಚಿತ. ನಿಮ್ಮ ಕೃಷಿ ಪುಟದಲ್ಲಿ ಕೀಟದ ಹೆಸರು ಹಾಕುವಾಗ, ಯಾರು, ಹೇಗೆ ಗುರುತಿಸಿದರು ಅಂತ ಒಂದು ಸಾಲು ಸೇರಿಸಬಹುದಲ್ವಾ?

– ಕಾಫಿ ಬೆಳೆಗಾರ, ಮೂಡಿಗೆರೆ