ಕಿತ್ತೂರು ರಾಣಿಗೆ ಪಾಲಿಯೆಸ್ಟರ್ ಏಕೆ?

ಮಾನ್ಯ ಸಂಪಾದಕರೇ,

ನಲವತ್ತು ವರ್ಷಗಳಿಂದ ಧಾರವಾಡದಲ್ಲಿ ಹೊಲಿಗೆ ಮಾಡುತ್ತಿದ್ದೇನೆ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ಬಂತೆಂದರೆ ಶಾಲೆಗಳಿಂದ ಒಂದೇ ಬೇಡಿಕೆ: ಚೆನ್ನಮ್ಮನ ಉಡುಪು ಬೇಕು, ಅದು ಮಿಂಚಬೇಕು. ತಂದುಕೊಡುವುದು ನೇರಳೆ ಬಣ್ಣದ ಪಾಲಿಯೆಸ್ಟರ್ ಸ್ಯಾಟಿನ್. ಬೆನ್ನಿಗೆ ಜಿಪ್ ಬೇರೆ! ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಕೃತಕ ನೇರಳೆ ಬಣ್ಣ ಮೊದಲು ತಯಾರಾದದ್ದೇ 1856ರಲ್ಲಿ, ಪಾಲಿಯೆಸ್ಟರ್ ಬಂದದ್ದು 1941ರಲ್ಲಿ.

ಕಳೆದ ವರ್ಷ ಮೊಮ್ಮಗಳಿಗೆ ಆ ಪಾತ್ರ ಸಿಕ್ಕಾಗ ನಾನು ಹಟ ಹಿಡಿದೆ. ನಮ್ಮ ಅವ್ವನ ಹಳೆಯ ಕುಪ್ಪಸವೊಂದು ಪೆಟ್ಟಿಗೆಯಲ್ಲಿತ್ತು. ಅದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಕಾಗದದ ಮೇಲಿಟ್ಟು ಗೀಟು ಎಳೆದುಕೊಂಡೆ. ಕಂಕುಳಿಗೆ ಚೌಕದ ಪಟ್ಟಿ, ಮುಂದೆ ಗಂಟು. ಒಂದೇ ಒಂದು ಹುಕ್ ಇಲ್ಲ. ಬಟ್ಟೆ ಒಂದಿಂಚೂ ಪೋಲಾಗಿರಲಿಲ್ಲ! ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣದ ಬಟ್ಟೆ ತರಿಸಿ, ಮಷಿನ್ ಮುಟ್ಟದೆ ಕೈಯಿಂದಲೇ ಹೊಲಿದೆ. ಕಚ್ಚೆ ಹಾಕಲು ಕೈಮಗ್ಗದ ಹತ್ತಿ ಸೀರೆ. ಖಣದ ಬಣ್ಣ ಮಾತ್ರ ರಾಸಾಯನಿಕದ್ದೇ, ಅಷ್ಟಕ್ಕೆ ರಾಜಿಯಾದೆ. ನನ್ನ ಕಣ್ಣೂ ಮೊದಲಿನಂತಿಲ್ಲ, ಕುಪ್ಪಸಕ್ಕೇ ನಾಲ್ಕು ದಿನ ಹಿಡಿಯಿತು.

ನೋಡಿದ ಶಿಕ್ಷಕಿಯೊಬ್ಬರು 'ರಾಣಿಯ ಕಳೆಯೇ ಇಲ್ಲ' ಎಂದರು. ಆದರೆ ಕತ್ತಿ ಬೀಸುವಾಗ ಸ್ಯಾಟಿನ್ ಉಟ್ಟ ಹುಡುಗಿಯರ ಕಚ್ಚೆ ಜಾರಿತು, ನನ್ನ ಮೊಮ್ಮಗಳದ್ದು ಅಲುಗಲಿಲ್ಲ.

ಉತ್ಸವದ ಸ್ಪರ್ಧೆಗಳಲ್ಲಿ ವೇಷಭೂಷಣಕ್ಕೆ ಅಂಕ ಕೊಡುವವರು ಹೊಳಪನ್ನಷ್ಟೇ ನೋಡದೆ ಬಟ್ಟೆಯನ್ನೂ ಮುಟ್ಟಿ ನೋಡಲಿ. ಕುಪ್ಪಸದ ಅಳತೆ ಕಾಗದ ನನ್ನಲ್ಲಿದೆ. ಕೇಳಿದ ಶಾಲೆಗೆ ಪುಕ್ಕಟೆ ಕೊಡುತ್ತೇನೆ.

- ಹೊಲಿಗೆಯ ಅಜ್ಜಿ, ಧಾರವಾಡ